ತಲೆಗೆ ಎಷ್ಟು ಅಂತ ಕೇಳಿ ಕೆಟ್ಟೆ

ದುಬೈನ ಒಂದು ಟ್ರೇಡಿಂಗ್ ಕಂಪನಿಯಲ್ಲಿ ನನಗೆ ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕ ಹಾಕುವ ಕೆಲಸ. ಯುರೋಪಿನಲ್ಲಿ ಗಬ್ಬದ ಕಡಸುಗಳನ್ನು ಕೊಂಡು ಗಲ್ಫ್ ಕಡೆಯ ಡೇರಿ ಫಾರ್ಮ್‌ಗಳಿಗೆ ತಲುಪಿಸುತ್ತೇವೆ. ಎಲ್ಲಾ ಹೋಲ್‌ಸ್ಟೀನ್. ನಮ್ಮೂರಲ್ಲಿ ಎಚ್ಚೆಫ್ ಅಂತಾರಲ್ಲ, ಅದೇ. ಇಲ್ಲಿಗೆ ಸೇರುವ ಮುಂಚೆ ನಾನು ಅಕ್ಕಿ, ಬೇಳೆಯ ಲೆಕ್ಕ ಬರೆಯುತ್ತಿದ್ದವನು. ದನವೂ ಹಾಗೇ ಇನ್ನೊಂದು ಸರಕು ಅಂದುಕೊಂಡಿದ್ದೆ.

ಮೊದಲ ವರ್ಷವೇ ಬಾಸ್ ಮುಂದೆ ಬುದ್ಧಿವಂತಿಕೆ ತೋರಿಸಲು ಹೋದೆ. ಪ್ರಪಂಚದ ಎಲ್ಲ ಕಸ್ಟಮ್ಸ್‌ನಲ್ಲೂ ಸರಕಿಗೊಂದು ಕೋಡ್ ಇರುತ್ತದೆ. ಶುದ್ಧ ತಳಿಯ, ತಳಿ ಬೆಳೆಸಲು ಒಯ್ಯುವ ದನಕ್ಕೆ 0102.21. ಉಳಿದ ದನಕ್ಕೆಲ್ಲ 0102.29. ನಾನು 21ರ ಅಡಿಯಲ್ಲಿ ಒಂದು ದೇಶದ ವರ್ಷದ ರಫ್ತಿನ ಮೊತ್ತ ತೆಗೆದುಕೊಂಡೆ. ತಲೆ ಎಣಿಕೆಯಿಂದ ಭಾಗಿಸಿದೆ. ಬಂದ ಸರಾಸರಿ ನಮ್ಮ ಕೈಲಿದ್ದ ಕೊಟೇಶನ್‌ಗಿಂತ ಮೂರರಲ್ಲಿ ಒಂದು ಪಾಲು ಕಮ್ಮಿ! ಮಾರುವವನು ನಮ್ಮನ್ನು ಸುಲಿಯುತ್ತಿದ್ದಾನೆ ಅಂತ ಬಾಸ್‌ಗೆ ಶೀಟ್ ಕಳಿಸಿದೆ. ಅವರೂ ನಂಬಿದರು.

ಮರುದಿನ ಕಾಲ್. ಆ ಕಡೆ ಜರ್ಮನಿಯ ವ್ಯಾಪಾರಿ, ಅರವತ್ತು ದಾಟಿದ ಮನುಷ್ಯ. ನಾನು ಶೀಟ್ ತೋರಿಸಿ ಮಾತು ಮುಗಿಸುವವರೆಗೂ ಸುಮ್ನೆ ಕೇಳಿದರು. ಆಮೇಲೆ ಒಂದೇ ಪ್ರಶ್ನೆ. "ಸರಿ, ನಿಮ್ಮ ಈ ಸರಾಸರಿ ದನ ಎಷ್ಟು ತಿಂಗಳ ಗಬ್ಬ?"

ಬಾಸ್ ನನ್ನ ಮುಖ ನೋಡಿದರು. ನಾನು ಸ್ಕ್ರೀನ್ ನೋಡಿದೆ.

0102.21ರಲ್ಲಿ ಎಳೆ ಕರುವೂ ಇದೆ, ಗಬ್ಬ ಕಟ್ಟದ ಕಡಸೂ ಇದೆ, ಆರು ತಿಂಗಳ ಗಬ್ಬದ್ದೂ ಇದೆ, ಹೋರಿಯೂ ಇದೆ. ಇವನ್ನೆಲ್ಲ ಕೂಡಿಸಿ ಭಾಗಿಸಿದರೆ ಬರುವುದು ಯಾವ ದನದ ಬೆಲೆಯೂ ಅಲ್ಲ. ಯುರೋಪಿನವರು ಕೋಡನ್ನು ಎಂಟು ಅಂಕಿಗೆ ಎಳೆದು ಒಂದಿಷ್ಟು ಬಿಡಿಸುತ್ತಾರೆ. ಒಮ್ಮೆಯೂ ಕರು ಹಾಕದ ಕಡಸಿಗೆ 0102 21 10, ಹಸುವಿಗೆ 0102 21 30, ಉಳಿದದ್ದಕ್ಕೆ 90. ಅಲ್ಲೂ ಗಬ್ಬದ ತಿಂಗಳಿಗೆ ಜಾಗವಿಲ್ಲ. ಇನ್ನೊಂದು ತಪ್ಪೂ ಮಾಡಿದ್ದೆ. ರಫ್ತಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಆ ದೇಶದ ಗಡಿವರೆಗಿನ ಬೆಲೆ ಮಾತ್ರ ಇರುತ್ತದೆ. ನಮ್ಮ ಕೊಟೇಶನ್‌ನಲ್ಲಿ ಸಾಗಣೆ, ವಿಮೆ ಎಲ್ಲ ಸೇರಿತ್ತು.

ಸಾಗಣೆ ಅಂದರೆ ಎಷ್ಟು ಅಂತೀರಾ? 2017ರಲ್ಲಿ ನೆರೆ ದೇಶಗಳು ಕತಾರ್‌ಗೆ ದಿಗ್ಬಂಧನ ಹಾಕಿದಾಗ ಅಲ್ಲಿನ ಉದ್ಯಮಿಯೊಬ್ಬರು ವಿಮಾನದಲ್ಲೇ ಹಸು ತರಿಸಿದರು. ಜುಲೈನಲ್ಲಿ ಮೊದಲ ವಿಮಾನದಲ್ಲಿ 165 ಇಳಿದವು. ಒಟ್ಟು 4,000 ಹಸು, 80 ಲಕ್ಷ ಡಾಲರ್ ಖರ್ಚು ಎಂದು ಆಗ ಸುದ್ದಿ ಬಂದಿತ್ತು. ತಲೆಗೆ 2,000 ಡಾಲರ್! ಅದು ತುರ್ತಿನ ಲೆಕ್ಕ, ನಿಜ. ಆದರೆ ಮಾಮೂಲಿ ದಿನಗಳಲ್ಲೂ ವಿಮಾನದ ಬಾಡಿಗೆ ನೋಡಿದರೆ ದನದ ಬೆಲೆ ಮರೆತುಹೋಗುತ್ತದೆ.

ಇನ್ನು ಶುದ್ಧ ತಳಿ ಅನ್ನುವ ಮಾತು. ಕಪ್ಪು ಬಿಳಿ ಚರ್ಮ, ತುಂಬಿದ ಕೆಚ್ಚಲು ನೋಡಿ ಯಾರೂ ಅದನ್ನು ತೀರ್ಮಾನ ಮಾಡುವುದಿಲ್ಲ. ಕಸ್ಟಮ್ಸ್ ಲೆಕ್ಕದಲ್ಲಿ ತರಿಸಿಕೊಳ್ಳುವ ದೇಶದ ಇಲಾಖೆ ಒಪ್ಪಿದರೆ ಶುದ್ಧ, ಇಲ್ಲದಿದ್ದರೆ ಅಲ್ಲ. ಯುರೋಪಿನ ಒಳಗಿನ ಕಾನೂನಿನ ಪ್ರಕಾರ ತಳಿ ಸಂಘದ ರಿಜಿಸ್ಟರಿನ ಮುಖ್ಯ ವಿಭಾಗದಲ್ಲಿ ಹೆಸರಿರಬೇಕು, ಅಥವಾ ಅಲ್ಲಿ ಸೇರುವ ಅರ್ಹತೆ ಇರಬೇಕು. ಅಪ್ಪ ಅಮ್ಮ, ಅಜ್ಜ ಅಜ್ಜಿಯರ ವಿವರ ಇರುವ ಸರ್ಟಿಫಿಕೇಟ್ ಜೊತೆಗೆ ಬರುತ್ತದೆ. ಅದೇ ರಿಜಿಸ್ಟರಿಗೆ ಒಂದು ಪೂರಕ ವಿಭಾಗವೂ ಉಂಟು, ಅದರಲ್ಲಷ್ಟೇ ಇರುವವು ಶುದ್ಧದ ಲೆಕ್ಕಕ್ಕೆ ಬರುವುದಿಲ್ಲ. ಒಂದು ಸಲ ನಮ್ಮ ಪಟ್ಟಿಯಲ್ಲಿ ಅಂಥ 11 ಕಡಸು ನುಸುಳಿದ್ದವು. ನೋಡಲು ಉಳಿದವಕ್ಕಿಂತ ಚೆನ್ನಾಗೇ ಇದ್ದವು. ಕೈಬಿಡಬೇಕಾಯಿತು.

ಕಾಗದಕ್ಕೆ ಇಷ್ಟು ಬೆಲೆ ಯಾಕೆ ಅಂತ ನನಗೆ ಹೊಳೆದದ್ದು ಯುರೋಪಿನ ಆಮದು ಸುಂಕದ ಪಟ್ಟಿ ನೋಡಿದಾಗ. ಹೊರಗಿನಿಂದ ಬರುವ ಶುದ್ಧ ತಳಿಗೆ ಸುಂಕ ಸೊನ್ನೆ. ಕಾಗದ ಇಲ್ಲದ ಸಾಮಾನ್ಯ ದನಕ್ಕೆ ಬೆಲೆಯ ಮೇಲೆ 10.2 ಶೇಕಡಾ, ಜೊತೆಗೆ ಪ್ರತಿ 100 ಕೆಜಿಗೆ 93.1 ಯೂರೊ. ಹಾಗಾದರೆ 550 ಕೆಜಿಯ ದನಕ್ಕೆ ಬರೀ ತೂಕದ ಮೇಲೇ 512 ಯೂರೊ ಆಯಿತು. ನಾವು ಯುರೋಪಿಗೆ ತರುವವರಲ್ಲ, ಬಿಡಿ. ಆದರೂ ಆ ಸಾಲು ನೋಡಿದ ಮೇಲೆ ಸರ್ಟಿಫಿಕೇಟ್‌ಗಳನ್ನು ಬೀರುವಿಗೆ ಹಾಕಿ ಬೀಗ ಹಾಕಲು ಶುರು ಮಾಡಿದೆ.

ಇದನ್ನು ಅಪ್ಪನಿಗೆ ಫೋನಲ್ಲಿ ಹೇಳಿದರೆ ನಕ್ಕರು. ನಮ್ಮದು ದೊಡ್ಡಬಳ್ಳಾಪುರದ ಕಡೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಅಪ್ಪ ಚಿಕ್ಕಂದಿನಿಂದ ಹಳ್ಳಿಕಾರ್ ಹೋರಿ ಹೊಡೆದುಕೊಂಡು ಹೋದವರು. ಅಲ್ಲಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಜೋಡಿಗೆ ಲಕ್ಷಗಟ್ಟಲೆ ಹೋಗುತ್ತದೆ, ಕೈಲಿ ಒಂದು ಚೀಟಿ ಇರುವುದಿಲ್ಲ. "ಇದರ ತಾಯಿ ಯಾರ ಮನೇದು ಅಂತ ನಂಗೊತ್ತು, ಅವರಿಗೂ ಗೊತ್ತು, ಸಾಲದಾ?" ಅಂದರು. ಊರಿನ ಸುತ್ತ ಸಾಕು, ದೂರ ಹೋದರೆ ಕಾಗದ ಬೇಕು. ನೆಲ್ಲೂರು ಕಡೆಯ ಒಂಗೋಲ್ ದನ ಬ್ರೆಜಿಲ್‌ಗೆ ಹೋಗಿ ನೆಲೋರ್ ಎಂಬ ಹೆಸರಲ್ಲಿ ತಳಿ ರಿಜಿಸ್ಟರಿಗೆ ಸೇರಿತು. 2023ರಲ್ಲಿ ವಿಯಾಟಿನಾ-19 ಎಂಬ ನೆಲೋರ್ ಹಸುವಿನ ಮೂರನೇ ಒಂದು ಪಾಲು ಮಾತ್ರ ಹರಾಜಾಯಿತು. ಆ ಲೆಕ್ಕದಲ್ಲಿ ಇಡೀ ಹಸುವಿನ ಬೆಲೆ 40 ಲಕ್ಷ ಡಾಲರ್ ದಾಟಿ ಗಿನ್ನೆಸ್ ದಾಖಲೆ ಸೇರಿತು. ಹಸುವಿನಲ್ಲಿ ಷೇರು! ಇದನ್ನು ಹೇಳಿದಾಗ ಅಪ್ಪ ಕೇಳಿದ್ದು ಇಷ್ಟೇ: "ಸಗಣಿ ಬಾಚೋರು ಯಾವ ಪಾಲಿನವರು?"

ಅಪ್ಪನ ಆ ಪ್ರಶ್ನೆ ನನಗೆ ಸರಿಯಾಗಿ ಕಚ್ಚಿದ್ದು 2025ರಲ್ಲಿ.

ಜನವರಿ 10ರಂದು ಜರ್ಮನಿಯ ಬ್ರಾಂಡೆನ್‌ಬುರ್ಗ್‌ನಲ್ಲಿ ಎಮ್ಮೆಗಳಿಗೆ ಕಾಲುಬಾಯಿ ರೋಗ ಕಾಣಿಸಿತು. 1988ರ ಮೇಲೆ ಆ ದೇಶದಲ್ಲಿ ಅದೇ ಮೊದಲು. ರೋಗವಿಲ್ಲದ ದೇಶ ಎಂಬ ಪಟ್ಟ ಹೋಯಿತು. ನಮ್ಮ ಕಡಸುಗಳು ಆಗ ಜರ್ಮನಿಯಲ್ಲೇ, ಆದರೆ ಅಲ್ಲಿಂದ ಬಲು ದೂರದ ಒಂದು ಕ್ವಾರಂಟೈನ್ ಕೊಟ್ಟಿಗೆಯಲ್ಲಿದ್ದವು. ಕಂದು ರೋಗ, ನೀಲಿ ನಾಲಿಗೆ ರೋಗ, ಎಲ್ಲ ಟೆಸ್ಟೂ ಪಾಸು. ಇನ್ನು ಎರಡು ವಾರಕ್ಕೆ ವಿಮಾನ. ನಾವು ಕಳಿಸಬೇಕಿದ್ದ ದೇಶ ಬಾಗಿಲು ಹಾಕಿತು. ದನಕ್ಕೆ ಏನೂ ಆಗಿಲ್ಲ, ಕಾಗದ ಸತ್ತಿತ್ತು.

ನಾನು ಆರಿಸಿದ್ದು ಐದೂವರೆ ತಿಂಗಳ ಗಬ್ಬದವು, ಸುಮಾರು 165 ದಿನ. ಬೇಗ ಕರು ಹಾಕಿದರೆ ಗಿರಾಕಿಗೆ ಬೇಗ ಹಾಲು, ನಮಗೆ ಬೆಲೆ ಜಾಸ್ತಿ ಅನ್ನುವ ಲೆಕ್ಕ. ಆದರೆ ಯುರೋಪಿನ ಸಾಗಣೆ ನಿಯಮದಲ್ಲಿ ಗಬ್ಬದ ಅವಧಿ 90 ಶೇಕಡಾ ಮುಗಿದ ದನವನ್ನು ಸಾಗಿಸುವಂತಿಲ್ಲ. ಹಸುವಿಗೆ ಸುಮಾರು 280 ದಿನ ಹಿಡಿದರೆ 252ನೇ ದಿನಕ್ಕೆ ಗೇಟ್ ಬಂದ್. ದಿನಾ ಬೆಳಿಗ್ಗೆ ಶೀಟ್ ತೆರೆದು ಒಂದೊಂದು ದಿನ ಕೂಡಿಸುವುದೇ ಕೆಲಸವಾಯಿತು. ಮಾರ್ಚ್‌ನಲ್ಲಿ ಜರ್ಮನಿಯ ಬಹುಭಾಗಕ್ಕೆ ಪಟ್ಟ ಮರಳಿ ಬಂತು. ಆದರೆ ಕೊಳ್ಳುವ ದೇಶ ಒಪ್ಪಬೇಕಲ್ಲ? ಅಲ್ಲಿಂದ ಪತ್ರ ಬರಲಿಲ್ಲ. ಮಾರ್ಚ್ 31ಕ್ಕೆ 245. ಏಪ್ರಿಲ್ ಮೊದಲ ವಾರ ಮುಗಿಯುವಷ್ಟರಲ್ಲಿ 252.

ಮೇವಿನ ಬಿಲ್ ಯಾರ ಮೇಲೆ ಅನ್ನುವ ಜಗಳ ಫೆಬ್ರವರಿಯಲ್ಲೇ ಶುರುವಾಗಿತ್ತು. ಒಪ್ಪಂದದಲ್ಲಿ ಕ್ವಾರಂಟೈನ್‌ಗೆ 30 ದಿನ ಅಂತ ಬರೆದಿದ್ದೆ, 31ನೇ ದಿನ ಯಾರದು ಅಂತ ಬರೆದಿರಲಿಲ್ಲ. ಕೊನೆಗೆ ಅರ್ಧರ್ಧ ಅಂತ ಮುಗಿಸಿದೆವು. ಅದೇ ಮುದುಕ ವ್ಯಾಪಾರಿ, ಇನ್ನೊಬ್ಬರಾಗಿದ್ದರೆ ಕೋರ್ಟಿಗೆ ಹೋಗುತ್ತಿದ್ದರು.

ಏಪ್ರಿಲ್ ಕೊನೆಗೆ ಅವರಿಂದ ಒಂದು ಫೋಟೊ ಬಂತು. ಹುಲ್ಲಿನ ಮೇಲೆ ಒದ್ದೆ ಕರು, ಪಕ್ಕದಲ್ಲಿ ನೆಕ್ಕುತ್ತಾ ನಿಂತ ತಾಯಿ. ಕೆಳಗೆ ಬರೆದಿದ್ದರು: "ನಿಮ್ಮ ಇನ್‌ವಾಯ್ಸ್‌ನಲ್ಲಿ ಕೋಡ್ ಬದಲಾಯಿಸಿ. ಇವತ್ತಿನಿಂದ ಇವಳು 10 ಅಲ್ಲ, 30." ನಾನು ಬದಲಾಯಿಸಿದೆ. ಆಮೇಲೆ ಒಪ್ಪಂದ ತೆರೆದು ಮೊದಲ ಪುಟದಿಂದ ಕೊನೆವರೆಗೆ ಹುಡುಕಿದೆ, ಕರು ಯಾರದು ಅಂತ. ಎಲ್ಲೂ ಇರಲಿಲ್ಲ.