ಬಿಲ್ ಆಗದ ಗಿರಾಕಿ

ತಿಪಟೂರಿನ ನಮ್ಮ ಮೆಡಿಕಲ್‌ಗೆ ಸಾಫ್ಟ್‌ವೇರ್ ಬಂದು ವರ್ಷಗಳಾದವು. ಆದರೂ ಗಿರಾಕಿ ಕೇಳಿದಾಗ ಇಲ್ಲದ ಔಷಧಿ ಬರೆದಿಡುವ ಶಾರ್ಟ್ ಬುಕ್ ಕೌಂಟರ್ ಪಕ್ಕ ದಾರದಲ್ಲಿ ನೇತಾಡುತ್ತಲೇ ಇದೆ. ಆರ್ಡರ್ ತಗೊಳ್ಳೋಕೆ ಬರುವ ಹುಡುಗನಿಗೆ ನಗು. "ಅಕ್ಕಾ, ಮಿನಿಮಮ್ ಸ್ಟಾಕ್ ಹಾಕಿಬಿಟ್ರೆ ಆರ್ಡರ್ ತಾನಾಗೇ ಬರುತ್ತಲ್ವಾ?" ಬರುತ್ತೆ. ಆದರೆ ಕಂಪ್ಯೂಟರ್‌ಗೆ ಗೊತ್ತಾಗುವುದು ಮಾರಿದ ಮಾತ್ರೆ ಮಾತ್ರ. ಕೇಳಿ, ಇಲ್ಲ ಅನ್ನಿಸಿಕೊಂಡು ಹೋದವರಿಗೆ ಬಿಲ್ ಆಗುವುದಿಲ್ಲ.

ಹತ್ತಿರದಲ್ಲೇ ಚರ್ಮದ ಡಾಕ್ಟರ್ ಒಬ್ಬರು ಹೊಸದಾಗಿ ಕ್ಲಿನಿಕ್ ತೆರೆದರು. ಅವರು ಬರೆಯುವ ಕ್ರೀಮ್ ನಮ್ಮಲ್ಲಿರಲಿಲ್ಲ. ಸಾಫ್ಟ್‌ವೇರ್ ಪ್ರಕಾರ ಅದರ ಮಾರಾಟ ಸೊನ್ನೆ, ಹಾಗಾಗಿ ಆರ್ಡರೂ ಸೊನ್ನೆ! ಶಾರ್ಟ್ ಬುಕ್‌ನಲ್ಲಿ ಮಾತ್ರ ಅದರ ಹೆಸರಿನ ಮುಂದೆ ಗೀಟಿನ ಮೇಲೆ ಗೀಟು. ಸಾಫ್ಟ್‌ವೇರ್‌ನಲ್ಲೂ ಇದನ್ನು ಬರೆದಿಡುವ ಜಾಗವಿದೆ, ನಿಜ. ಸಂಜೆ ಏಳು ಗಂಟೆ ರಶ್‌ನಲ್ಲಿ ಯಾರು ಟೈಪ್ ಮಾಡುತ್ತಾರೆ?

ಹಾಗಂತ ನಾನು ಕಂಪ್ಯೂಟರ್ ವಿರೋಧಿಯಲ್ಲ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತಲ್ಲ, ಆಗ ಹಳೇ ಸ್ಟಾಕ್ ಮೇಲೆಲ್ಲ ಹಳೇ ಎಂಆರ್‌ಪಿಯೇ ಇತ್ತು. 112 ರೂಪಾಯಿ ಅಂತ ಅಚ್ಚಾಗಿದ್ದ ಸ್ಟ್ರಿಪ್ಪನ್ನು 105ಕ್ಕೆ ಕೊಡಬೇಕು. ಅಂಗಡಿ ತುಂಬಾ ಇರುವ ಮಾಲಿಗೆ ಕೈಯಲ್ಲಿ ಲೆಕ್ಕ ಹಾಕುತ್ತಾ ಕೂತಿದ್ದರೆ ಕಥೆ ಮುಗಿಯುತ್ತಿತ್ತು. ಒಂದು ವಿಷಯ ಹೇಳಲೇಬೇಕು. ಒಂದು ರೂಪಾಯಿ ಜಾಸ್ತಿ ಕಂಡರೆ ಸ್ಟ್ರಿಪ್ ತಿರುಗಿಸಿ ಕೇಳುವ ಜನ, ಏಳು ರೂಪಾಯಿ ಕಮ್ಮಿಯಾದಾಗ ಸುಮ್ನೆ ಜೇಬಿಗೆ ಹಾಕಿಕೊಂಡು ಹೋದರು.

ನಿಜವಾದ ತಲೆನೋವು ಬ್ಯಾಚ್‌ದು. ಮೊದಲು ಎಕ್ಸ್‌ಪೈರಿ ಆಗುವ ಬ್ಯಾಚನ್ನೇ ಮೊದಲು ಮಾರು ಅಂತ ಸಾಫ್ಟ್‌ವೇರ್ ಹೇಳುತ್ತದೆ, ಬಿಲ್ ಕೂಡ ಅದೇ ಬ್ಯಾಚ್‌ಗೆ ಹಾಕುತ್ತದೆ. ಆದರೆ ಹೊಸ ಬಾಕ್ಸ್ ರ್ಯಾಕ್‌ನ ಮುಂದೆ ಕೂತಿರುತ್ತದೆ. ಹುಡುಗರ ಕೈಗೆ ಸಿಗುವುದು ಅದೇ. ಲೆಕ್ಕದಲ್ಲಿ ಹಳೇ ಬ್ಯಾಚ್ ಖಾಲಿ, ರ್ಯಾಕ್‌ನ ಹಿಂದೆ ಅದು ಹಾಗೇ ಇದೆ. ಲೆಕ್ಕದಲ್ಲೇ ಇಲ್ಲದ ಮಾಲು ಎಕ್ಸ್‌ಪೈರಿ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ನಮಗೆ ಮಾಲು ಕೊಡುವ ಸ್ಟಾಕಿಸ್ಟ್‌ಗೆ ವಾಪಸ್ ಕೊಡುವ ಅವಧಿ ಮುಗಿದರೆ, ಅದರ ದುಡ್ಡು ನಮ್ಮ ಲೆಕ್ಕಕ್ಕೆ ಜಮಾ ಮಾಡುವ ಕ್ರೆಡಿಟ್ ನೋಟ್ ಸಿಗುವುದಿಲ್ಲ. ಅಷ್ಟೂ ದುಡ್ಡು ನಮ್ಮ ತಲೆ ಮೇಲೆ.

2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ. ಬ್ಯಾಚು, ಎಕ್ಸ್‌ಪೈರಿ ಎರಡೂ ಅದರಲ್ಲೇ ಇವೆ. ಬಿಲ್ ಹಾಕುವಾಗ ಅದನ್ನೇ ಸ್ಕ್ಯಾನ್ ಮಾಡಿದರೆ ಈ ಗೊಂದಲ ಅರ್ಧ ಕಮ್ಮಿಯಾದೀತು. ನಮ್ಮ ಹಳೇ ವರ್ಷನ್‌ಗೆ ಅದು ಬರುವುದಿಲ್ಲ. ಹೊಸದಕ್ಕೆ ಕೇಳಿದ ರೇಟು ನಮ್ಮಂಥ ಅಂಗಡಿಗೆ ಭಾರ.

ಸದ್ಯಕ್ಕೆ ತಿಂಗಳ ಕೊನೇ ಭಾನುವಾರ ಶಟರ್ ಅರ್ಧ ಎಳೆದು ರ್ಯಾಕ್ ಇಳಿಸುತ್ತೇವೆ. ಮೂರು ತಿಂಗಳೊಳಗೆ ಎಕ್ಸ್‌ಪೈರಿ ಇರುವುದೆಲ್ಲ ಬೇರೆ ಡಬ್ಬಕ್ಕೆ. ಶುರು ಮಾಡುವುದು ಇನ್ಸುಲಿನ್ ಇರುವ ಫ್ರಿಜ್‌ನಿಂದ, ದುಡ್ಡು ಜಾಸ್ತಿ ಸಿಕ್ಕಿಕೊಳ್ಳುವುದು ಅಲ್ಲೇ.