872 ಇದ್ದ ಕಡೆ 645

ಶನಿವಾರ ರಾತ್ರಿ

ಮನೆಯ ಫೈಲ್ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿಯನ್ನು 13.5ರಿಂದ 14.3ಕ್ಕೆ ಏರಿಸಿದೆ. 13ರ ಸರಣಿಗೆ ಬೆಂಬಲ 2026ರ ಏಪ್ರಿಲ್ ಕೊನೆಯವರೆಗೆ ಮಾತ್ರ. ಕೈಹಾಕುವ ಮೊದಲು ಬಿಇಸಿಟಿಎಲ್ ಆಜ್ಞೆಯಿಂದ ಒಂದು ಬೂಟ್ ಎನ್ವಿರಾನ್‌ಮೆಂಟ್ (ಇದ್ದ ಸಿಸ್ಟಮ್ಮಿನ ಬೂಟ್ ಮಾಡಬಲ್ಲ ಪ್ರತಿ) ಮಾಡಿಟ್ಟುಕೊಂಡೆ. ಕೆಟ್ಟರೆ ಹಳೆಯದಕ್ಕೇ ವಾಪಸ್ ಹೋಗಬಹುದು.

ಮೆಷಿನ್ ಚೆನ್ನಾಗಿಯೇ ಎದ್ದಿತು. ಪಿಂಗ್ ಸಿಕ್ಕಿತು, ಎಸ್‌ಎಸ್‌ಎಚ್ ಸಿಕ್ಕಿತು, ಎರಡೂ ಡಿಸ್ಕ್ ಆನ್‌ಲೈನ್. ಆದರೆ ಡೆಬಿಯನ್ ಲಿನಕ್ಸ್ ಇರುವ ಲ್ಯಾಪ್‌ಟಾಪಿನಿಂದ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲು ಹಂಚುವ ವ್ಯವಸ್ಥೆ) ಮೌಂಟ್ ಕೊಟ್ಟರೆ, ಅಂದರೆ ಸರ್ವರಿನ ಫೋಲ್ಡರನ್ನು ಜೋಡಿಸಲು ಹೋದರೆ, ಸುಮ್ಮನೆ ನಿಂತುಬಿಡುತ್ತದೆ, ಆಮೇಲೆ ಟೈಮ್‌ಔಟ್. ಅಪ್ಪ ಹಾಡಿದ ಭಜನೆಗಳ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿ ಇಟ್ಟಿರುವುದು ಈ ಸರ್ವರಿನಲ್ಲೇ. ಬ್ಯಾಕಪ್ ಇದ್ದರೂ ನಿದ್ದೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ

ಒಂದು ಗಂಟೆ, ಯಾವ ಫೋಲ್ಡರ್ ಯಾರಿಗೆ ಎಂದು ಬರೆದಿಡುವ ಎಕ್ಸ್‌ಪೋರ್ಟ್ಸ್ ಫೈಲ್ ತಿದ್ದುವುದರಲ್ಲೇ ಹೋಯಿತು. ಅದು ತಪ್ಪು ಜಾಗ. ಎಕ್ಸ್‌ಪೋರ್ಟ್ಸ್‌ನಲ್ಲಿ ದೋಷವಿದ್ದರೆ ಸರ್ವರ್ 'ಅನುಮತಿ ಇಲ್ಲ' ಎಂದಾದರೂ ಹೇಳುತ್ತದೆ. ಮಾತೇ ಇಲ್ಲದ ಮೌನ ಬಂದರೆ ಪ್ಯಾಕೆಟ್ಟನ್ನು ದಾರಿಯಲ್ಲಿ ಯಾರೋ ನುಂಗುತ್ತಿದ್ದಾರೆ ಎಂದರ್ಥ. ಸರ್ವರಿನ ಫೈರ್‌ವಾಲ್ ಆದ ಪಿಎಫ್‌ನಲ್ಲಿ ಬ್ಲಾಕ್ ಎಂದು ಬರೆದರೆ ಆಗುವುದು ಅದೇ.

ಯಾವ ಸೇವೆ ಯಾವ ಪೋರ್ಟಿನಲ್ಲಿ (ಬಾಗಿಲಿನ ಸಂಖ್ಯೆಯಲ್ಲಿ) ಇದೆ ಎಂದು ಕೇಳಲು ಲ್ಯಾಪ್‌ಟಾಪಿನಿಂದ ಆರ್‌ಪಿಸಿಇನ್ಫೋ ಕೊಟ್ಟೆ. ಈ ಲೆಕ್ಕ ಇಡುವ, 111ನೇ ಪೋರ್ಟಿನ ಆರ್‌ಪಿಸಿಬೈಂಡ್ ಪಟ್ಟಿಯನ್ನು ತಕ್ಷಣ ಕೊಟ್ಟಿತು. ಹಂಚಿದ ಫೋಲ್ಡರುಗಳ ಪಟ್ಟಿ ಕೇಳುವ ಶೋಮೌಂಟ್ ಕೊಟ್ಟರೆ ಮತ್ತೆ ಮೌನ. ಎರಡು ನಿಮಿಷ ಪಿಎಫ್ ನಿಲ್ಲಿಸಿ ನೋಡಿದೆ, ಮೌಂಟ್ ಕ್ಷಣದಲ್ಲಿ ಆಯಿತು. ಸರಿ, ಫೈರ್‌ವಾಲೇ. ಆದರೆ ನಿಯಮಗಳ ಒಂದಕ್ಷರವೂ ಬದಲಾಗಿಲ್ಲವಲ್ಲ!

ಪಿಎಫ್ ಮತ್ತೆ ಹಾಕಿ, ಅದರ ದಾಖಲೆ ಬರುವ ಪಿಎಫ್‌ಲಾಗ್0 ಮೇಲೆ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿದೆ. ಲ್ಯಾಪ್‌ಟಾಪ್ ಬಡಿಯುತ್ತಿದ್ದ ಬಾಗಿಲು 645. ನನ್ನ ನಿಯಮದಲ್ಲಿ ತೆರೆದಿದ್ದವು 111, 2049, 872.

ಆಗ ಹೊಳೆಯಿತು. ಫೈಲುಗಳನ್ನು ಕೊಡುವ ಎನ್‌ಎಫ್‌ಎಸ್‌ಡಿಗೆ 2049 ಖಾಯಂ. ಮೌಂಟ್ ಕೋರಿಕೆಗೆ ಉತ್ತರಿಸುವ ಮೌಂಟ್‌ಡಿ ಹಾಗಲ್ಲ; ಪೋರ್ಟ್ ಹೇಳಿಕೊಡದಿದ್ದರೆ ಪ್ರತಿ ಸಲ ಶುರುವಾದಾಗ 1024ಕ್ಕಿಂತ ಕೆಳಗಿನ ಯಾವುದೋ ಖಾಲಿ ಪೋರ್ಟ್ ಹಿಡಿದು ಅದನ್ನು ಆರ್‌ಪಿಸಿಬೈಂಡ್‌ಗೆ ತಿಳಿಸುತ್ತದೆ. ಕಳೆದ ವರ್ಷ 13.5 ಹಾಕಿದ ವಾರ, ಪಟ್ಟಿಯಲ್ಲಿ ಕಂಡ 872 ಅನ್ನೇ ನಿಜವೆಂದು ನಂಬಿ ನಿಯಮ ಬರೆದಿದ್ದೆ. ಆಮೇಲೆ ಮೆಷಿನ್ ರೀಬೂಟೇ ಆಗಿರಲಿಲ್ಲ. ಕೆಡಿಸಿದ್ದು 14.3 ಅಲ್ಲ, ರೀಬೂಟ್. 13.5ನಲ್ಲೇ ಒಮ್ಮೆ ರೀಬೂಟ್ ಮಾಡಿದ್ದರೂ ಹೀಗೇ ಆಗುತ್ತಿತ್ತು.

ಭಾನುವಾರ ಸಂಜೆ

ಸೆಟ್ಟಿಂಗ್ ಫೈಲ್ ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ಮೌಂಟ್‌ಡಿಗೆ ಪಿ ಫ್ಲ್ಯಾಗ್ ಕೊಟ್ಟು 872ಕ್ಕೇ ಕಟ್ಟಿಹಾಕಬಹುದಿತ್ತು. ಹಾಗೆ ಮಾಡಿದರೆ ಫೈಲ್ ಬೀಗ ನೋಡಿಕೊಳ್ಳುವ ಲಾಕ್‌ಡಿ, ಸ್ಟ್ಯಾಟ್‌ಡಿಗಳಿಗೂ ಅದನ್ನೇ ಮಾಡಬೇಕು. ಅದರ ಬದಲು ಎನ್‌ಎಫ್‌ಎಸ್ ನಾಲ್ಕನೇ ಆವೃತ್ತಿಗೆ ಹೋದೆ. ಅದಕ್ಕೆ ಬೇಕಾದದ್ದು ಟಿಸಿಪಿ 2049 ಒಂದೇ. 'ಎನ್‌ಎಫ್‌ಎಸ್‌ವಿ4 ಸರ್ವರ್ ಓನ್ಲಿ' ಆಯ್ಕೆಯನ್ನು 'ಯೆಸ್' ಮಾಡಿದರೆ ಆರ್‌ಪಿಸಿಬೈಂಡ್ ಕೂಡ ಬೇಡ. ಮೌಂಟ್‌ಡಿ ಎಕ್ಸ್‌ಪೋರ್ಟ್ಸ್ ಓದಲು ಒಳಗೆ ಓಡುತ್ತಲೇ ಇರುತ್ತದೆ, ಹೊರಗಿನವರ ಜೊತೆ ಮಾತಾಡುವುದಿಲ್ಲ. ಹಾಗಾಗಿ ಇನ್ನು ಶೋಮೌಂಟ್‌ಗೆ ಉತ್ತರ ಬರುವುದಿಲ್ಲ. ಅದನ್ನು ದೋಷವೆಂದು ಹುಡುಕುತ್ತ ಕೂರಬೇಡಿ.

ಎರಡು ಕಡೆ ಎಡವಿದೆ. ಎಕ್ಸ್‌ಪೋರ್ಟ್ಸ್‌ನಲ್ಲಿ ವಿ4 ಸಾಲು ಇರಲೇಬೇಕು. ಅಲ್ಲಿ ಯಾವ ಡೈರೆಕ್ಟರಿ ಕೊಡುತ್ತೇವೋ ಅದೇ ಕ್ಲೈಂಟಿಗೆ ಬೇರು. ನಾನು /ಟ್ಯಾಂಕ್ ಕೊಟ್ಟಿದ್ದರಿಂದ ಲ್ಯಾಪ್‌ಟಾಪಿನಲ್ಲಿ /ಟ್ಯಾಂಕ್/ಆಡಿಯೊ ಎಂದಿದ್ದುದನ್ನು ಬರೀ /ಆಡಿಯೊ ಮಾಡಬೇಕಾಯಿತು. ಮೌಂಟ್ ಆದ ಮೇಲೆ ನೋಡಿದರೆ ಎಲ್ಲ ಫೈಲುಗಳ ಒಡೆಯ 'ನೋಬಡಿ'! ನಾಲ್ಕನೇ ಆವೃತ್ತಿಯಲ್ಲಿ ಒಡೆಯನನ್ನು ಹೆಸರಿನ ಮೂಲಕ ಕಳಿಸುವ ಪದ್ಧತಿಯಿದೆ. ಎರಡೂ ಕಡೆ ಹೆಸರು, ಡೊಮೇನ್ ಹೊಂದದಿದ್ದರೆ ಹೀಗಾಗುತ್ತದೆ. ಸರ್ವರಿನಲ್ಲಿ 'ಎನೇಬಲ್ ಯುಐಡಿ ಟು ಸ್ಟ್ರಿಂಗ್', 'ಎನೇಬಲ್ ಸ್ಟ್ರಿಂಗ್ ಟು ಯುಐಡಿ' ಎಂಬ ಎರಡು ಸಿಸ್‌ಸಿಟಿಎಲ್‌ಗಳನ್ನು (ಕರ್ನಲ್ ಸೆಟ್ಟಿಂಗುಗಳನ್ನು) 1 ಮಾಡಿದೆ, ಹೆಸರಿನ ಬದಲು ಬಳಕೆದಾರನ ಸಂಖ್ಯೆಯೇ (ಯುಐಡಿ) ಓಡಾಡತೊಡಗಿತು. ಫ್ರೀಬಿಎಸ್‌ಡಿ ಮೊದಲ ಬಳಕೆದಾರನಿಗೆ 1001 ಕೊಡುತ್ತದೆ, ಡೆಬಿಯನ್ 1000. ಲ್ಯಾಪ್‌ಟಾಪಿನಲ್ಲಿ ನನ್ನ ಯುಐಡಿಯನ್ನು ಹಿಂದೆಯೇ 1001 ಮಾಡಿಟ್ಟದ್ದು ಇವತ್ತು ಉಪಯೋಗಕ್ಕೆ ಬಂತು.

ಪಿಎಫ್‌ನಿಂದ 111, 872 ತೆಗೆದೆ. ಬೇಕೆಂದೇ ಮೂರು ಸಲ ರೀಬೂಟ್ ಮಾಡಿದೆ. ಮೂರು ಸಲವೂ ಮೌಂಟ್ ಆಯಿತು, ಭಜನೆ ಕೇಳಿಸಿತು.

ಡಿಸ್ಕುಗಳ ಝಡ್‌ಎಫ್‌ಎಸ್ ಪೂಲನ್ನು ಹೊಸ ರೂಪಕ್ಕೆ ಏರಿಸುವ ಝಡ್‌ಪೂಲ್ ಅಪ್‌ಗ್ರೇಡ್ ಮಾತ್ರ ಇನ್ನೂ ಕೊಟ್ಟಿಲ್ಲ. ಕೊಟ್ಟ ಮೇಲೆ ಹಳೆಯ ಬೂಟ್ ಎನ್ವಿರಾನ್‌ಮೆಂಟ್ ಈ ಪೂಲನ್ನು ಓದದೇ ಹೋಗಬಹುದು. ಎರಡು ವಾರ ಹೀಗೇ ಓಡಲಿ.