ಎಂಟಡಿ ಡಿಶ್ ಅಂಗಳಕ್ಕೆ ಬಂತು

ಜನವರಿ ಕೊನೆ

ಗುಜರಿಯವನಿಗಿಂತ ಅರ್ಧ ದಿನ ಮೊದಲು ಹೋಗಿದ್ದಕ್ಕೆ ಸಿಕ್ಕಿತು. ಶಿರಸಿ ಪೇಟೆಯಲ್ಲಿ ಹಿಂದೆ ಕೇಬಲ್ ನಡೆಸುತ್ತಿದ್ದ ಅಣ್ಣನೊಬ್ಬರ ತಾರಸಿಯಲ್ಲಿ ಮೂರು ದೊಡ್ಡ ಡಿಶ್ ಸುಮ್ನೆ ನಿಂತಿದ್ದವು. 1994ರಲ್ಲಿ ಉದಯ ಟಿವಿ ಶುರುವಾದಾಗ ಇಡೀ ಕೇರಿ ಇವರ ಕೇಬಲ್ ವೈರ್‌ಗಾಗಿ ಕಾದಿತ್ತಂತೆ. ಈಗ ಅವರ ಮನೆಗೇ ಫೈಬರ್ ಬಂದಿದೆ. “ಮೂರೂವರೆ ಸಾವಿರ ಕೊಡು ತಮ್ಮಾ, ಆದ್ರೆ ಇಳಿಸೋದು ನಿಂದೇ ಕೆಲಸ” ಅಂದರು.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿದೆ. ಡಿಶ್ಶಿನ ಅಂಚಿನಿಂದ ಅಂಚಿಗೆ ಎರಡು ದಾರ ಅಡ್ಡಡ್ಡ ಬಿಗಿದೆ. ನಡುವೆ ಎರಡೂ ಒಂದಕ್ಕೊಂದು ಮೆಲ್ಲಗೆ ತಾಗಿದರೆ ಅಂಚು ಸಮ ಇದೆ ಅಂತ ಅರ್ಥ. ಮೇಲಿನ ದಾರ ಕೆಳಗೆ ಮಾಡಿ ಇನ್ನೊಮ್ಮೆ ನೋಡಲೇಬೇಕು, ಇಲ್ಲದಿದ್ದರೆ ಒಂದನ್ನೊಂದು ಒತ್ತಿಕೊಂಡು ಸುಳ್ಳು ಹೇಳುತ್ತವೆ. ಮೊದಲ ಡಿಶ್‌ನಲ್ಲಿ ಮೂರು ಬೆರಳು ಸಂದಿ. ಎರಡನೆಯದಕ್ಕೆ ಮರದ ಕೊಂಬೆ ಬಿದ್ದ ಗುರುತು. ಮೂರನೆಯದರಲ್ಲಿ ದಾರಗಳು ತಾಗಿದವು. ತುಕ್ಕು ಎಷ್ಟಿದೆ ಅಂತ ನಾನು ನೋಡಲೇ ಇಲ್ಲ. ತುಕ್ಕು ಉಜ್ಜಿದರೆ ಹೋಗುತ್ತದೆ, ಸೊಟ್ಟ ಆಗಿದ್ದು ಸುಲಭಕ್ಕೆ ಸರಿಯಾಗುವುದಿಲ್ಲ.

ಇಷ್ಟು ದೊಡ್ಡದು ಯಾಕೆ ಅಂತ ಮನೆಯಲ್ಲೂ ಕೇಳಿದರು. ನಮ್ಮ ಮಳೆಗಾಲ ಕಂಡವರಿಗೆ ಗೊತ್ತು, ಜುಲೈನಲ್ಲಿ ಮಳೆ ಜೋರಾದರೆ ಸಣ್ಣ ಡಿಶ್ಶಿನ ಟಿವಿ ಕೈಕೊಡುತ್ತದೆ. ಅದು ಹಿಡಿಯುವುದು ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆ, ಅದರ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಮಳೆ ಹನಿ ಅದನ್ನು ನುಂಗಿಬಿಡುತ್ತದೆ. ದೊಡ್ಡ ಡಿಶ್ ಹಿಡಿಯುವ ಸಿ ಬ್ಯಾಂಡ್ ಅಲೆ ಏಳೂವರೆ ಸೆಂಟಿಮೀಟರ್‌ನಷ್ಟು ಉದ್ದ, ಮಳೆಗೆ ಅಷ್ಟು ಜಗ್ಗುವುದಿಲ್ಲ. ಆದರೆ ಸಿಗ್ನಲ್ ಬಡಕಲು. ಅದನ್ನು ಕೂಡಿಹಾಕಲು ಅಗಲವಾದ ಬುಟ್ಟಿ ಬೇಕು.

ಫೆಬ್ರವರಿ, ಎರಡನೇ ವಾರ

ಟಾಟಾ ಏಸ್‌ನಲ್ಲಿ ಇಡಿಯಾಗಿ ಹಿಡಿಸಲಿಲ್ಲ. ನಾಲ್ಕು ಭಾಗವಾಗಿ ಬಿಚ್ಚಿದೆವು. ಯಾವುದರ ಪಕ್ಕ ಯಾವುದು ಅಂತ ಸೀಮೆಸುಣ್ಣದಲ್ಲಿ ನಂಬರ್ ಬರೆದೆ. ನನ್ನ ಬುದ್ಧಿಗೆ ಏನು ಹೇಳಬೇಕೋ! ಊರು ಮುಟ್ಟುವಷ್ಟರಲ್ಲಿ ನಂಬರೆಲ್ಲ ಒರೆಸಿಹೋಗಿದ್ದವು. ಜೋಡಿಸಿ ದಾರ ಕಟ್ಟಿದರೆ ಎರಡು ಬೆರಳು ಸಂದಿ. ಆಚೀಚೆ ಮಾಡಿ ಮಾಡಿ ನಾಲ್ಕನೇ ಸಲಕ್ಕೆ ಸರಿ ಕೂತಿತು. ಒಂದು ಮೂಲೆಗೆ ಎರಡು ವಾಷರ್ ಹಾಕಬೇಕಾಯಿತು. ನೀವು ಬಿಚ್ಚುವುದಾದರೆ ಪೇಂಟ್ ಒಯ್ಯಿರಿ.

ಅಳತೆ: ಅಗಲ 244 ಸೆಂಟಿಮೀಟರ್, ನಡುವಿನ ಆಳ 40. ಅಗಲದ ವರ್ಗವನ್ನು ಆಳದ ಹದಿನಾರು ಪಟ್ಟಿನಿಂದ ಭಾಗಿಸಿದರೆ ಫೋಕಸ್, ಅಂದರೆ ಸಿಗ್ನಲ್ ಎಲ್ಲ ಒಂದೆಡೆ ಸೇರುವ ಬಿಂದುವಿನ ದೂರ, ಸಿಗುತ್ತದೆ. 93 ಬಂತು. ಎಲ್ಎನ್‌ಬಿಯ (ಡಿಶ್ಶಿನ ಮುಂದೆ ನಿಂತು ಸಿಗ್ನಲ್ ಹಿಡಿಯುವ ಡಬ್ಬಿ) ಬಾಯಿ ನಡುವಿನಿಂದ ಅಷ್ಟು ದೂರದಲ್ಲಿ ಇರಬೇಕು. ಅದನ್ನು ಹಿಡಿದಿಡುವ ಹಳೇ ಕಾಲುಗಳು 90ಕ್ಕೆ ನಿಂತಿದ್ದವು, ಉದ್ದ ತೂತು ಕೊರೆದು ಸರಿಮಾಡಿದೆ.

ಫೆಬ್ರವರಿ ಕೊನೆ

ಮೂರು ಇಂಚಿನ ಜಿಐ ಪೈಪ್, ನಾಲ್ಕಡಿ ನೆಲದೊಳಗೆ, ಸುತ್ತ ಕಾಂಕ್ರೀಟ್. ಜಂಬಿಟ್ಟಿಗೆ ಕಲ್ಲು ಅಗೆದು ಕೈ ಬೊಬ್ಬೆ ಬಂತು. ಒಂದು ವಾರ ನೀರುಣಿಸಿದೆ.

ಅಷ್ಟು ದಿನ ಡಿಶ್ ಅಂಗಳದಲ್ಲಿ ಅಂಗಾತ ಮಲಗಿತ್ತು. ಆಯಿ ಅದರೊಳಗೆ ಹಳೇ ಸೀರೆ ಹಾಸಿ ಮೆಣಸಿನಕಾಳು ಹರವಿದ್ದಳು. “ಚೊಲೋ ಒಣಗುತ್ತೆ, ಇಲ್ಲೇ ಇರಲಿ ಬಿಡು” ಅಂದಳು.

ಮಾರ್ಚ್, ಎರಡು ಭಾನುವಾರ

ನನ್ನ ಗುರಿ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಉಪಗ್ರಹ ಜಿಸ್ಯಾಟ್-17. ದೂರದರ್ಶನದ ಚಾನೆಲ್‌ಗಳು ಅಲ್ಲಿಂದ ಸಿ ಬ್ಯಾಂಡಿನಲ್ಲಿ ಬರುತ್ತವೆ. ಶಿರಸಿಯಿಂದ ಲೆಕ್ಕ ಹಾಕಿದರೆ ಉತ್ತರದಿಂದ 127 ಡಿಗ್ರಿ, ಅಂದರೆ ಆಗ್ನೇಯ. ಎತ್ತರ 62 ಡಿಗ್ರಿ ಚಿಲ್ಲರೆ. ಇಷ್ಟು ಮೇಲೆ ನೋಡುವುದರಿಂದ ಅಡಿಕೆ ಮರ ಅಡ್ಡ ಬರಲಿಲ್ಲ, ಪುಣ್ಯ.

ಮೊಬೈಲ್ ದಿಕ್ಸೂಚಿಯನ್ನು ಕಂಬದ ಪಕ್ಕ ಹಿಡಿದರೆ ಕಬ್ಬಿಣಕ್ಕೆ ಮರುಳಾಗಿ ಎಲ್ಲೆಲ್ಲೋ ತೋರಿಸುತ್ತದೆ. ಇಪ್ಪತ್ತು ಹೆಜ್ಜೆ ದೂರ ನಿಂತು ದಿಕ್ಕು ನೋಡಿ ಒಂದು ಗೂಟ ಹೊಡೆದೆ. ಮಧ್ಯಾಹ್ನ ಸಿಗ್ನಲ್ ಸಿಕ್ಕಿತು! ಸ್ಕ್ಯಾನ್ ಮಾಡಿದರೆ ಹೆಸರೇ ಕೇಳದ ಚಾನೆಲ್‌ಗಳು, ಹೆಚ್ಚಿನವಕ್ಕೆ ಬೀಗ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ನಾನು ಹಿಡಿದದ್ದು 91.5ರಲ್ಲಿರುವ ಇನ್ನೊಂದು ಉಪಗ್ರಹ, ಮೀಸ್ಯಾಟ್. ಪಕ್ಕದ ಮನೆ ಬಾಗಿಲು ತಟ್ಟಿದ್ದೆ. ಎರಡು ಡಿಗ್ರಿ ಇಳಿಸಿ, ಮೂರು ಡಿಗ್ರಿ ಪೂರ್ವಕ್ಕೆ ಹೊರಳಿಸಬೇಕು. ಮೂರು ಡಿಗ್ರಿ ಅಂದರೆ ಆ ಪೈಪಿನ ಮೈಮೇಲೆ ಎರಡು ಮಿಲಿಮೀಟರ್ ಚಿಲ್ಲರೆ ಅಷ್ಟೇ. ಪೆನ್ಸಿಲ್ ಗೆರೆ ಎಳೆದು, ಬೋಲ್ಟ್ ಅರೆಸಡಿಲ ಮಾಡಿ, ಮುಷ್ಟಿಯಿಂದ ಅಂಚಿಗೆ ಮೆತ್ತಗೆ ಗುದ್ದಿದೆ. ಇನ್ನೊಂದು ಗುದ್ದು. ಸಿಗ್ನಲ್ ಮೀಟರ್ ಕೀಂ ಅಂತು. ಎಲ್ಎನ್‌ಬಿಯನ್ನು ಸ್ವಲ್ಪ ತಿರುಚಿದ ಮೇಲೆ ಚಂದನ ಬಂತು.

ಚಂದನ ಕಾಣಲು ಇಷ್ಟೆಲ್ಲ ಬೇಕಿರಲಿಲ್ಲ, ನನಗೂ ಗೊತ್ತು.

ಏಪ್ರಿಲ್

ಚಿತ್ರ ಆಗಾಗ ಒಡೆಯುತ್ತಿತ್ತು. ಮೋಡವಿಲ್ಲ, ಗಾಳಿಯಿಲ್ಲ. ಕಂಬ ಅಲುಗಿದೆಯೇ ಅಂತ ತೂಗುಗುಂಡು ಬಿಟ್ಟು ನೋಡಿದೆ, ಅಲುಗಿರಲಿಲ್ಲ. ಆಮೇಲೆ ಎಲ್ಎನ್‌ಬಿಯ ಚೀಟಿ ಓದಿದೆ: 3.4ರಿಂದ 4.2 ಗಿಗಾಹರ್ಟ್ಸ್. 2022ರ ಹರಾಜಿನಲ್ಲಿ 3.3ರಿಂದ 3.67ರವರೆಗಿನ ಜಾಗ 5ಜಿಗೆ ಹೋಗಿದೆ. ನಮ್ಮ ಗದ್ದೆಯಾಚೆ ಟವರ್ ಇದೆ. 36,000 ಕಿಲೋಮೀಟರ್ ಆಚೆಯ ಪಿಸುಮಾತು ಕೇಳಲು ಕೂತವನ ಕಿವಿಯಲ್ಲಿ ಪಕ್ಕದವನು ಡೋಲು ಬಡಿದ ಹಾಗೆ. 3.7ರಿಂದ ಶುರುವಾಗುವ, ಫಿಲ್ಟರ್ ಇರುವ ಹೊಸ ಎಲ್ಎನ್‌ಬಿ ಹಾಕಿದೆ. ಅಂದಿನಿಂದ ಚಿತ್ರ ಒಡೆದಿಲ್ಲ. ಹಳೇ ಡಿಶ್ ಕೊಳ್ಳುವವರು ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಮೇ

ಈಗ ನಿಜವಾದ ಆಸೆ ಹೇಳುತ್ತೇನೆ. ಆಕಾಶಗಂಗೆಯ ಹೈಡ್ರೋಜನ್ 1420.4 ಮೆಗಾಹರ್ಟ್ಸ್‌ನಲ್ಲಿ ಸದಾ ಗುಂಯ್‌ಗುಡುತ್ತಿರುತ್ತದೆ. ಅಲೆಯ ಉದ್ದ 21 ಸೆಂಟಿಮೀಟರ್. ನನ್ನ ಡಿಶ್ಶಿನ ಜಾಲರಿಯ ತೂತು ಅರ್ಧ ಸೆಂಟಿಮೀಟರ್, ಈ ಅಲೆಗೆ ಅದು ತಗಡಿನಷ್ಟೇ ಗಟ್ಟಿ. ನೋಟ ಮಾತ್ರ ಅಗಲ, ಸುಮಾರು ಆರು ಡಿಗ್ರಿ. ಅಂದರೆ ಹನ್ನೆರಡು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ಗೆ ಆಕಾಶದ ರೇಡಿಯೋ ಅಲೆ ಹಿಡಿಯಲು ಟಿ ಆಕಾರದಲ್ಲಿ ಒಂದು ಕಿಲೋಮೀಟರ್‌ಗೂ ಮಿಕ್ಕಿ ಆಂಟೆನಾ ಹಾಕಿದ್ದರು. ಅದರ ಮುಂದೆ ನಂದು ಆಟಿಕೆ. ಆದರೂ ಆಕಾಶಗಂಗೆ ತಲೆಮೇಲೆ ಹಾದಾಗ ಗ್ರಾಫಿನಲ್ಲಿ ಒಂದು ದಿಬ್ಬ ಏಳಬೇಕು.

ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ) ಬಂದಿದೆ, ಆಂಪ್ಲಿಫೈಯರ್ ಬಂದಿದೆ. ಇನ್ನು ಬೇಕಾದ್ದು ಎಲ್ಎನ್‌ಬಿಯ ಜಾಗದಲ್ಲಿ ಕೂರಿಸಲು ಹದಿನೈದು ಸೆಂಟಿಮೀಟರ್ ಅಗಲದ ಒಂದು ಉರುಟು ತಗಡಿನ ಡಬ್ಬಿ. ಮನೆಯಲ್ಲಿ ಸರಿಯಾಗಿ ಅಷ್ಟೇ ಅಗಲದ್ದು ಒಂದಿದೆ, ಅಟ್ಟದ ಮೇಲೆ. ಅದರ ತುಂಬ ಈ ವರ್ಷದ ಹಲಸಿನ ಹಪ್ಪಳ. ಆಯಿ ಇನ್ನೂ ಒಪ್ಪಿಲ್ಲ.